ಬಿಳಿಗಾರದ ಉಂಡೆ

ಹಟ್ಟಿಯಲ್ಲಿ ಚಿನ್ನ ಸಿಗುತ್ತದೆ, ಪಿಪೆಟ್ಟು ಸಿಗುವುದಿಲ್ಲ.
ನಮ್ಮ ಶಾಲೆಯ ಪ್ರಯೋಗಾಲಯವೆಂದರೆ ಒಂದು ಬೀರು,
ಅದಕ್ಕೊಂದು ಬೀಗ,
ಕೀಲಿ ಯಾರ ಬಳಿ ಇದೆ ಎಂಬ ಹಳೆಯ ಪ್ರಶ್ನೆ.

ಹಾಗಾಗಿ ಏಳನೆಯ ತರಗತಿಗೆ ಹೇಳಿದೆ:
ಮನೆಯಲ್ಲಿ ಏನಿದೆಯೋ ತನ್ನಿ.
ಹುಸೇನಮ್ಮ ಬಿಳಿ ಗೋಂದಿನ ಅರ್ಧ ಡಬ್ಬಿ ತಂದಳು, ಅಣ್ಣ ಬಡಗಿ.
ಯಂಕೋಬ ಒಂದು ಸ್ಟೀಲಿನ ಚರಿಗೆ, ಯಾರನ್ನೂ ಕೇಳದೆ.
ಮೌನೇಶ ಏನೂ ಹೇಳದೆ
ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದಿಟ್ಟ.
ಬಿಳಿಗಾರ.
ಚಿನ್ನದ ಊರಲ್ಲಿ ಬೆಳ್ಳಿಯ ಕಾಲ್ಗೆಜ್ಜೆಗೆ ಬೆಸುಗೆ ಹಾಕುವ
ಅವನ ಅಪ್ಪ ಕಟ್ಟಿಕೊಟ್ಟದ್ದು.
ಮೇಲೆ ಪೆನ್ಸಿಲಿನಲ್ಲಿ: ಬಾಯಾಗ ಹಾಕಬ್ಯಾಡ್ರಿ.

ಬಿಸಿನೀರಿಗೆ ಬಿಳಿಗಾರ, ಗೋಂದಿಗೆ ಆ ನೀರು,
ಚಮಚದ ಹಿಂದೆ ಚಮಚ.
ತಿರುವುತ್ತ ತಿರುವುತ್ತ, ಹಾಲಿನಂತಿದ್ದದ್ದು
ಒಮ್ಮೆಲೇ ಕೈಗೆ ಸಿಕ್ಕಿತು.
ಗೆಜ್ಜೆಯ ಕೊಂಡಿ ಕೂಡಿಸಲು ನೆರವಾಗುವುದೇ
ಇಲ್ಲಿ ಗೋಂದಿನ ಎಳೆಗೂ ಎಳೆಗೂ ಕೊಂಡಿ ಹಾಕುತ್ತದೆ ಎಂದೆ.
ಬಿಚ್ಚಿಕೊಳ್ಳಲೂ ಬರುತ್ತದೆ ಆ ಕೊಂಡಿಗೆ,
ಸ್ವಲ್ಪ ಹೊತ್ತು ಕೊಟ್ಟರೆ.
ಯಾರೂ ಕೇಳಿಸಿಕೊಳ್ಳಲಿಲ್ಲ. ಬಣ್ಣ ಬೇಕಿತ್ತು ಅವರಿಗೆ.

ಬಿಸಿಯೂಟದ ಕೋಣೆಯಿಂದ ಅರಿಶಿನ ಬಂತು.
ಹಳದಿ ಉಂಡೆಗೆ ಕಾದೆವು;
ಅದು ನಮ್ಮ ಬೆರಳ ಸಂದಿಯಲ್ಲೇ ಕೆಂಪಾಯಿತು.
"ಓಕುಳಿ!" ಎಂದಿತು ಹಿಂದಿನ ಸಾಲು.
"ಸುಣ್ಣ ಹಾಕೇ ಇಲ್ಲಲ್ರೀ ಟೀಚರ್?"
ಪ್ರತ್ಯಾಮ್ಲ ಎಂದು ಬೋರ್ಡಿನ ಮೇಲೆ ಬರೆಯಹೋದರೆ
ಸೀಮೆಸುಣ್ಣ ನನ್ನ ಕೈಗೇ ಅಂಟಿಕೊಂಡಿತು.

ಕಿಟಕಿಯ ಕಟ್ಟೆಯಿಂದ ಬಿಟ್ಟರೆ
ಯಂಕೋಬನ ಮೊಣಕಾಲಿನವರೆಗೆ ಪುಟಿಯಿತು.
ಮೊಣಕಾಲು ಅಳತೆಯಲ್ಲ ಎಂದೆ.
ಯಾರ ಮೊಣಕಾಲು ಅಂತ ಬರದ್ರ ಆತು, ಎಂದಳು ಹುಸೇನಮ್ಮ.
ಬರೆದುಕೊಂಡೆವು.
ಐಸ್ ಕ್ಯಾಂಡಿ ಗಾಡಿಯ ಡಬ್ಬಿಯಲ್ಲಿ ಹತ್ತು ನಿಮಿಷ ಇಟ್ಟು ತೆಗೆದಾಗ
ಬಿದ್ದ ಸದ್ದೇ ಬೇರೆಯಾಗಿತ್ತು.
ಪೇಪರಿನ ಅಕ್ಷರ ಎತ್ತುತ್ತದೆಂದು ಎಲ್ಲೋ ಓದಿದ್ದೆ.
ಎತ್ತಲಿಲ್ಲ. ಹವಾಮಾನ ವರದಿ ಹರಿದುಹೋಯಿತು.

ಮೆಲ್ಲಗೆ ಎಳೆದಾಗ
ಹುಸೇನಮ್ಮನಿಂದ ತಾಯಮ್ಮನವರೆಗೆ, ಬೆಂಚು ದಾಟಿ,
ಒದ್ದೆ ದಾರದಂತೆ ಜೋತುಬಿತ್ತು.
ಸರಕ್ಕನೆ ಎಳೆದಾಗ
ಪಟ್ಟೆಂದು ತುಂಡು,
ತುದಿ ಕುಡುಗೋಲಿನಲ್ಲಿ ಕೊಯ್ದ ಹಾಗೆ.
ಅದೇ ಉಂಡೆ, ಅವೇ ಕೈ.

"ಯಾಕೆ? ಬೇಗ ಹೇಳು, ಮೌನೇಶ."
ಗಂಟೆ ಹೊಡೆಯುವುದರಲ್ಲಿತ್ತು.
ಅವನ ತುಟಿಗೆ ಒಂದು 'ಅ' ಬಂದು ನಿಂತಿತು.
ಹಿಂದೆಯೇ ಇನ್ನೊಂದು 'ಅ'.
ಅದರ ಹಿಂದೆ ಕತ್ತಿನ ನರ ಮಾತ್ರ.
ಹಿಂದಿನ ಸಾಲು ನಕ್ಕಿತು.
"ಸರಿ, ಕೂತ್ಕೋ" ಎಂದೆ.
ವರ್ಷವಿಡೀ ಹಾಗೇ ಎಂದಿದ್ದೆ.

ಸಂಜೆ, ಗಣಿಯ ಭೋಂಗಾ ಕೂಗುವಾಗ
ಉಂಡೆಯನ್ನು ನನ್ನ ಮೇಜಿನ ಮೇಲಿಟ್ಟು ಬೀಗ ಹಾಕಿದೆವು.
ನೆಲದಡಿ ಪಾಳಿ ಬದಲಾಯಿತು,
ಇಳಿದವರು ಇಳಿದರು, ಹತ್ತಿದವರು ಸ್ನಾನ ಮಾಡಿ ಮಲಗಿದರು.
ಮಾರ್ಚಿನ ಸೆಕೆಯಲ್ಲಿ ಅದೊಂದೇ ಎಚ್ಚರವಿತ್ತು.
ಬೆಳಿಗ್ಗೆ ನೋಡಿದರೆ ಹೋಳಿಗೆ.
ಯಾರೂ ಮುಟ್ಟದೆ, ಯಾರೂ ಲಟ್ಟಿಸದೆ,
ಹಾಜರಿ ಪುಸ್ತಕದ ಅಂಚಿನವರೆಗೆ ಹರಿದು ಬಂದಿತ್ತು.

ಹೆಸರು ಕೂಗುತ್ತ ಮೌನೇಶನ ಬಳಿ ಬಂದೆ.
ಎದ್ದು ನಿಂತ. "ಹಾಜರ್" ಎನ್ನಲಿಲ್ಲ.
"ಅ" ಎಂದ.
ನಿನ್ನೆಯದೇ 'ಅ'.
ಪೆನ್ನಿನ ಮುಚ್ಚಳ ಹಾಕಿ ಕೂತೆ.
ಹೊರಗೆ ಯಾರೋ ಕೊಳಾಯಿ ತಿರುಗಿಸಿದರು, ಕೊಡ ತುಂಬಿತು, ಉಕ್ಕಿತು.
"ಅ... ವಸರ ಮಾಡಿದ್ರ
ಹ... ಹರೀತದ್ರಿ ಟೀಚರ್.
ಪುರುಸೊತ್ತು ಕೊಟ್ರ
ಕೊಂಡಿ ಬಿಚ್ಚಿ... ಬಿಚ್ಚಿ ಹಾಕ್ಕೊಂತ ಬರ್ತದ."

ಹಿಂದಿನ ಸಾಲು ನಗಲು ಮರೆತಿತ್ತು,
ಅಥವಾ ಉಂಡೆಯಲ್ಲಿ ಮುಳುಗಿತ್ತು, ಗೊತ್ತಿಲ್ಲ.

ಪ್ರಯೋಗದ ವಹಿಯಲ್ಲಿ ಬರೆದೆ:
ಉತ್ತರ ಬರಲು ಹಿಡಿದ ಸಮಯ, ಹತ್ತೊಂಬತ್ತು ಗಂಟೆ.
ಸರಕ್ಕನೆ ಎಳೆದ ಕೈ ಯಾರದು?
ಹುಸೇನಮ್ಮನ ನಿಯಮದಂತೆ
ಅದನ್ನೂ ಬರೆದೆ.